ಕಲ್ಲಿನ ಮೇಲಿನ ವರ್ಷ

ಪಾದೋವಾ
೨೬ ಮೇ ೧೯೯೪, ಗುರುವಾರ ಸಂಜೆ

ಪ್ರೀತಿಯ ಅಣ್ಣ ರುಜೆರೋ,

ನಿನ್ನ ಮಂಡಿನೋವು ಹೇಗಿದೆ? ಮೆಲ್ಬರ್ನಿನಲ್ಲಿ ಈಗ ಚಳಿ ಶುರುವಾಗಿರಬೇಕು, ಏಣಿ ಹತ್ತುವ ಕೆಲಸ ಬಿಡು ಎಂದರೆ ನೀನು ಕೇಳುವವನಲ್ಲ. ಅತ್ತಿಗೆ, ಮಕ್ಕಳು ಕ್ಷೇಮವೇ? ಅಮ್ಮ ಚೆನ್ನಾಗಿದ್ದಾಳೆ. ಸಕ್ಕರೆ ಕಾಯಿಲೆಯಿದ್ದರೂ ಬಿಸ್ಕತ್ತು ಕದ್ದು ತಿಂದು, ಸಿಕ್ಕಿಬಿದ್ದರೆ ‘ಇಲಿ ತಿಂದಿರ್ಬೇಕು ಕಣೇ’ ಅನ್ನುತ್ತಾಳೆ. ಫೋನು ಮಾಡಬಹುದಿತ್ತು. ಆದರೆ ಫೋನಿರುವುದು ಅಡುಗೆಮನೆಯಲ್ಲಿ, ಅಮ್ಮ ಇರುವುದೂ ಅಲ್ಲೇ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲಾದರೂ ಒಂದು ಕಡೆ ಕೂತು ಓದು.

ಇವತ್ತು ಬೆಲ್ಜಿಯಂನಿಂದ ಬಂದ ಇಪ್ಪತ್ತೆರಡು ಜನರಿಗೆ ಊರು ತೋರಿಸುವ ಸರದಿ ನನ್ನದು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದರೂ ಆ ದೇಶದವರು ಬಂದರೆ ಮಾತ್ರ ನನಗೆ ದಿನವಿಡೀ ಅಪ್ಪನದೇ ಯೋಚನೆ. ಅಪ್ಪ ಅಲ್ಲಿನ ಕಲ್ಲಿದ್ದಲು ಗಣಿಗೆ ಹೊರಟಾಗ ನಿನಗೆ ಒಂಬತ್ತು, ನನಗೆ ಮೂರು. ನಾಲ್ಕು ವರ್ಷದ ನಂತರ ಅಮ್ಮ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಗಣಿ ಕುಸಿಯಿತು, ದೇಹವೂ ಸಿಗಲಿಲ್ಲ ಎಂದದ್ದು ನಿನಗೆ ನನಗಿಂತ ಚೆನ್ನಾಗಿ ನೆನಪಿರಬೇಕು.

ಬೆಳಿಗ್ಗೆ ಅವರನ್ನು ಜೊತ್ತೋನ ಚಿತ್ರಗಳಿರುವ ಪ್ರಾರ್ಥನಾಮಂದಿರಕ್ಕೆ ಕರೆದುಕೊಂಡು ಹೋದೆ. ವಯಸ್ಸಾದ ಗಂಡ ಹೆಂಡತಿ ಊರಬಾಗಿಲಲ್ಲಿ ಮತ್ತೆ ಸೇರಿ ಮುತ್ತಿಡುವ ಚಿತ್ರವಿದೆಯಲ್ಲ, ಅದರ ಎದುರು ಎಂದಿನ ಮಾತು ಒಪ್ಪಿಸುತ್ತಿದ್ದೆ. ಹಿಂದೆ ನಿಂತಿದ್ದ ಒಬ್ಬ ಅಗಲ ಭುಜದ ಯುವಕ ಕೇಳಿದ: ‘ಎಲ್ಲಾ ಹೆಂಗಸ್ರೂ ನಗ್ತಿದಾರೆ. ಆ ಕರಿ ಬಟ್ಟೆಯವಳು ಮಾತ್ರ ಯಾಕೆ ಮುಖ ಮುಚ್ಕೊಂಡಿದಾಳೆ?’ ಕೇಳಿದ್ದು ಫ್ರೆಂಚಿನಲ್ಲಲ್ಲ, ನಮ್ಮ ಹಳ್ಳಿಮಾತಿನಲ್ಲಿ, ಅದೂ ಈಗ ಮುದುಕರಷ್ಟೇ ಆಡುವ ಮಾತಿನಲ್ಲಿ. ‘ವಿಧವೆ ಅಂತಾರೆ’ ಎಂದೆ. ‘ಅಂತಾರೆ, ಅಷ್ಟೇನಾ?’ ಎಂದ. ಪಟ್ಟಿಯಲ್ಲಿ ಅವನ ಹೆಸರು ನೋಡಿದೆ, ಲೂಸಿಯೆನ್ ಬ್ರೆಸ್ಸಾನ್. ನಮ್ಮದೇ ಮನೆತನದ ಹೆಸರು, ಆದರೆ ನಮ್ಮ ಕಡೆ ಕಲ್ಲು ಎಸೆದರೆ ಒಬ್ಬ ಬ್ರೆಸ್ಸಾನನ ತಲೆಗೆ ಬೀಳುತ್ತದೆ. ಹೆಚ್ಚು ಯೋಚಿಸಲಿಲ್ಲ.

ಮಧ್ಯಾಹ್ನ ತರಕಾರಿ ಮಾರುಕಟ್ಟೆಯ ಹಿಂದಿನ ಹೋಟೆಲಿನಲ್ಲಿ ಊಟ. ಅವನು ಬಂದು ನನ್ನ ಪಕ್ಕದಲ್ಲೇ ಕೂತ. ಬಾತುಕೋಳಿ ಮಾಂಸದ ಬಿಗೋಲಿ ಶ್ಯಾವಿಗೆ ಬಡಿಸಿದರೂ ಮುಟ್ಟಲಿಲ್ಲ. ಜೇಬಿನಿಂದ ಒಂದು ಫೋಟೋ ತೆಗೆದು ನನ್ನ ತಟ್ಟೆಯ ಬಳಿ ಇಟ್ಟ. ಹೂವಿನ ಅಂಗಿ ತೊಟ್ಟ ಅಮ್ಮ, ಪಕ್ಕದಲ್ಲಿ ಮೂಗು ಸೋರಿಸಿಕೊಂಡು ನೀನು, ಕಂಕುಳಲ್ಲಿ ನಾನು. ಹಿಂದೆ ಅಮ್ಮನದೇ ಅಕ್ಷರ: ‘ಒಲಿಂದೋ, ಬೇಗ ಬಾ.’

‘ನಮ್ಮಪ್ಪ ಫೆಬ್ರವರೀಲಿ ತೀರ್ಕೊಂಡ್ರು. ಅವರ ಪೆಟ್ಟಿಗೇಲಿ ಸಿಕ್ತು. ಈ ಊರಿನವರನ್ನ ವಿಚಾರಿಸಿ ನಿಮ್ಮ ಗುಂಪಿಗೇ ಸೇರ್ದೆ’ ಎಂದ. ‘ನಮ್ಮ’ ಎಂದದ್ದು ಮಾತಿನ ರೂಢಿಗೋ, ನನ್ನನ್ನೂ ಸೇರಿಸಿಯೋ ತಿಳಿಯಲಿಲ್ಲ. ‘ನಮ್ಮಪ್ಪ ಸತ್ತು ಮೂವತ್ಮೂರು ವರ್ಷ ಆಯ್ತು. ನೀವು ಯಾರದೋ ಮನೆ ಬಾಗಿಲು ತಟ್ತಾ ಇದೀರಿ’ ಎಂದೆ. ಅವನು ‘ಎಡಗಿವಿ ತುದಿ ಇರ್ಲಿಲ್ಲ ಅಲ್ವಾ? ನಾಯಿ ಕಚ್ಚಿದ್ದು’ ಎಂದ ಅಷ್ಟೇ. ಅಣ್ಣಾ, ಮುಖ ನೆನಪಿಲ್ಲವೆಂದು ನಾನು ಅತ್ತಾಗಲೆಲ್ಲ ಆ ಕಿವಿಯ ಕಥೆ ಹೇಳಿ ನನ್ನನ್ನು ಮಲಗಿಸುತ್ತಿದ್ದವನು ನೀನೇ ಅಲ್ಲವೇ?

ಊಟವಾದ ಮೇಲೂ ಕೆಲಸ ಬಿಡುವಂತಿರಲಿಲ್ಲ. ಸಂತ ಅಂತೋನಿಯ ಸಮಾಧಿಗೆ ಕರೆದೊಯ್ದೆ. ಕಳೆದದ್ದನ್ನು ಹುಡುಕಿಕೊಡುವ ಸಂತ, ಅಂಗೈ ಒತ್ತಿ ಬೇಡಿಕೊಳ್ಳಿ ಎಂದು ನನ್ನ ಬಾಯಿ ತಾನೇ ಹೇಳುತ್ತಿತ್ತು. ಕಳೆದದ್ದು ಸಿಕ್ಕಿತ್ತು. ಸಿಗದಿದ್ದರೇ ಚೆನ್ನಾಗಿತ್ತು. ನಾಲ್ಕು ಗಂಟೆಗೆ ಗುಂಪನ್ನು ಅಂಗಡಿಬೀದಿಯಲ್ಲಿ ಬಿಟ್ಟು, ಅವನನ್ನು ಸ್ಮಶಾನಕ್ಕೆ ಕರೆದುಕೊಂಡು ಹೋದೆ. ಯಾಕೆ ಹೋದೆನೋ! ನೋಯಿಸಬೇಕೆಂದೇ ಇರಬೇಕು. ಒಳಗೆ ಯಾರೂ ಇಲ್ಲದ ಸಮಾಧಿಯ ಮೇಲೆ ಅಮ್ಮ ಕೆತ್ತಿಸಿದ ಕಲ್ಲು ತೋರಿಸಿದೆ. ಒಲಿಂದೋ ಬ್ರೆಸ್ಸಾನ್, ೧೯೨೫–೧೯೬೧. ‘ಅರವತ್ತೊಂದು ನಾನು ಹುಟ್ಟಿದ ವರ್ಷ’ ಎಂದು ಆ ಅಂಕೆಯ ಮೇಲೆ ಬೆರಳಿಟ್ಟ.

ಕೊನೆಯ ಹತ್ತು ವರ್ಷ ಅಪ್ಪನ ಎದೆ ತುಂಬ ಗಣಿಯ ಧೂಳಂತೆ. ‘ಕೆಮ್ಮಿನ ಮಧ್ಯೆ ಜೈರಾ, ಜೈರಾ ಅಂತಿದ್ರು. ನಮ್ಮಮ್ಮ ಅದು ಯಾವ್ದೋ ಊರಿನ ಹೆಸರು ಅಂದ್ಕೊಂಡಿದ್ಲು’ ಎಂದ. ನಮ್ಮ ಅಮ್ಮನ ಹೆಸರು, ಅಣ್ಣಾ! ಅವನು ಅತ್ತ, ನಾನು ಅಳಲಿಲ್ಲ. ನನಗೆ ಮುಖವೂ ಉಳಿಸದ ಅಪ್ಪ ಇವನಿಗೆ ಸೈಕಲ್ ಕಲಿಸಿದ್ದಾರೆ. ಅವನು ಕೆಟ್ಟವನಲ್ಲ, ಅದೇ ಕಷ್ಟ. ಬೇಡಿದ್ದು ಒಂದೇ: ‘ದೂರದಿಂದ ಒಂದ್ಸಲ ಆ ತಾಯೀನ ನೋಡ್ಲಾ?’ ಬೇಡ ಎಂದೆ. ಮೂವತ್ತಮೂರು ವರ್ಷ ಪ್ರತಿ ನವೆಂಬರಿನಲ್ಲಿ ಆ ಕಲ್ಲಿಗೆ ಸೇವಂತಿಗೆ ಇಟ್ಟವಳಿಗೆ ಇದನ್ನು ಯಾವ ಬಾಯಿಂದ ಹೇಳಲಿ? ಫೋಟೋವನ್ನು ನನಗೆ ಕೊಟ್ಟು ಹೊರಟುಹೋದ. ನಾಳೆ ಒಂಬತ್ತಕ್ಕೆ ಅವರ ಬಸ್ಸು. ನೀನೂ ಅಮ್ಮನ ಕಿವಿಗೆ ಹಾಕಬೇಡ. ಇದು ನಮ್ಮಿಬ್ಬರಲ್ಲೇ ಇರಲಿ.

ಅತ್ತಿಗೆಗೆ ನನ್ನ ನೆನಪು ಹೇಳು, ಮಕ್ಕಳ ಕೆನ್ನೆಗೆ ಅತ್ತೆಯ ಮುತ್ತು. ನಿನ್ನ ಮಂಡಿಯನ್ನು ದೇವರು ಕಾಯಲಿ.

ನಿನ್ನ ತಂಗಿ,
ಲಿವಿಯಾ

ತಾ.ಕ.: ಲಕೋಟೆ ತರಲು ಒಳಗೆ ಹೋಗಿದ್ದೆ, ಫೋಟೋ ಮೇಜಿನ ಮೇಲೇ ಇತ್ತು. ಬಂದು ನೋಡಿದರೆ ಅದು ಅಮ್ಮನ ಕೈಯಲ್ಲಿ. ‘ಇದು ಅವನ ಹತ್ರ ಇತ್ತು. ಯಾರು ತಂದ್ಕೊಟ್ರು, ಆ ಮಗನಾ?’ ಎಂದಳು. ಅಣ್ಣಾ, ಅವಳಿಗೆ ಗೊತ್ತಿತ್ತು. ಆ ಮಗು ಹುಟ್ಟಿದ ವರ್ಷವೇ ಅಲ್ಲಿಯ ಪಾದ್ರಿ ಕಾಗದ ಬರೆದಿದ್ದರಂತೆ. ಗಣಿ ಕುಸಿದ ಕಥೆ ಅಮ್ಮನದೇ. ‘ಸತ್ತವನ ಮಕ್ಳನ್ನ ಊರು ಕರೆದು ಊಟ ಹಾಕತ್ತೆ. ಓಡಿಹೋದವನ ಮಕ್ಳನ್ನ ನೋಡಿ ನಗತ್ತೆ. ನಾನೇನ್ ಮಾಡ್ಲಿ? ಸಾಯಿಸ್ದೆ’ ಎಂದಳು. ಆಮೇಲೆ ಫೋಟೋ ತಿರುಗಿಸಿ ತನ್ನದೇ ಅಕ್ಷರ ನೋಡುತ್ತ, ‘ನರಳಿದ್ನಾ?’ ಎಂದು ಕೇಳಿದಳು. ನಾನು ಇಲ್ಲ ಎಂದೆ. ಈಗ ಕೋಣೆಯಲ್ಲಿ ಪೆಟ್ಟಿಗೆ ತೆಗೆದು ಬಣ್ಣದ ಅಂಗಿ ಹುಡುಕುತ್ತಿದ್ದಾಳೆ, ಇಷ್ಟು ವರ್ಷ ಕರಿಬಟ್ಟೆಯನ್ನೇ ತೊಟ್ಟವಳಿಗೆ ಒಂದೂ ಸಿಗುತ್ತಿಲ್ಲ. ಬೆಳಿಗ್ಗೆ ಬಸ್ಸು ಹೊರಡುವ ಮೊದಲು ಆ ಹುಡುಗನ ಹತ್ತಿರ ಕರೆದುಕೊಂಡು ಹೋಗು ಎಂದಿದ್ದಾಳೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಾನು ಕರೆದುಕೊಂಡು ಹೋಗಿರುತ್ತೇನೆ.