ಅಮ್ಮನ ಕೋಣೆಯ ನೆಲ

ಅಕ್ಟೋಬರ್ 4, ಬೆಳಿಗ್ಗೆ
ಗ್ಯಾರೇಜು ಇನ್ನು ಅಮ್ಮನ ಕೋಣೆ; ಕಾರು ಬೀದಿಪಾಲು. ಗ್ಯಾರೇಜು ಗುಡಿಸಿ ಸೊಂಟ ಹಿಡಿದಿದೆ. ನೆಲದ ಆಯಿಲ್ ಕಲೆ ಜಪ್ಪಯ್ಯ ಅಂದರೂ ಹೋಗಲಿಲ್ಲ. ಮೇಸ್ತ್ರಿ ಬಂದು ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿದರು.
"ಮೂರು ದಿನ ಮುಟ್ಬೇಡಿ. ಅಡಿಯಲ್ಲಿ ನೀರು ಕಂಡ್ರೆ ನೆಲದಿಂದ ತೇವ ಏರ್ತಿದೆ ಅಂತ. ಆಗ ಡ್ಯಾಂಪ್‌ಪ್ರೂಫ್ ಎರಡು ಕೋಟು, ಮೇಲೆ ದಪ್ಪ ಶೀಟು, ಗೋಡೆಗೂ ಒಂದು ಗೇಣು ಮಡಚಬೇಕು. ಆಮೇಲೆ ಥರ್ಮೋಕೋಲ್ ಹಲಗೆ, ಕಾಂಕ್ರೀಟು. ಒಣಗೋಕೇ ಒಂದೂವರೆ ತಿಂಗಳು."
"ನೀರು ಕಾಣದಿದ್ರೆ?"
"ಹಲಗೆ ಮೇಲೆ ಪ್ಲೈವುಡ್. ವಾರದಲ್ಲಿ ಮುಗೀತು."
ವಾರವೇ ಆಗಲಿ. ಅಮ್ಮ ತಂಗಿಯ ಮನೆ ಸೇರಿ ಎರಡು ವರ್ಷ. ಇನ್ನು ನನ್ನ ಸರದಿ.

ಅಕ್ಟೋಬರ್ 6, ಮಧ್ಯಾಹ್ನ
ಅಮ್ಮನಿಗೆ ಫೋನ್ ಮಾಡಿದರೆ ಮಾತೆಲ್ಲ ತಂಗಿಯದೇ. ಹಾಸಿಗೆ ಬಿಸಿಲಿಗೆ ಹಾಕುತ್ತಾಳಂತೆ, ಉಗುರು ಕತ್ತರಿಸುತ್ತಾಳಂತೆ, ದಮ್ಮು ಬಂದರೆ ಬೆನ್ನು ನೀವುತ್ತಾಳಂತೆ. ಹೊಟ್ಟೆ ಉರಿಯಿತು. ನಲವತ್ತೆಂಟು ವರ್ಷದ ಹೆಂಗಸು ನಾನು... ನಾಚಿಕೆ ಆಗಬೇಕು. ಆಗಲಿಲ್ಲ.
ಆಮೇಲೆ ತಂಗಿ ಫೋನ್ ಇಸಿದುಕೊಂಡಳು. "ಅವಸರ ಮಾಡ್ಬೇಡ ಅಕ್ಕಾ. ಈ ತಿಂಗಳು ಆಗ್ದಿದ್ರೆ ಚಳಿ ಕಳೀಲಿ. ಆಮೇಲೆ ನೋಡೋಣ."
ನೋಡೋಣ ಅಂದರೆ ಕಳಿಸುವುದಿಲ್ಲ ಅಂತ. ಅವಳ ವರಸೆ ನನಗೆ ಗೊತ್ತಿಲ್ಲವೇ?

ಅಕ್ಟೋಬರ್ 7, ಬೆಳಿಗ್ಗೆ 9
ತಡೆಯಲಾಗದೆ ಆರಕ್ಕೇ ಹಾಳೆ ಎತ್ತಿದೆ. ಅಡಿಯೆಲ್ಲ ಹನಿ. ಸಿಮೆಂಟು ಕಪ್ಪಾಗಿದೆ.
ಒರೆಸಿದೆ. ಮೂರು ಗಂಟೆ ಫ್ಯಾನ್ ಹಾಕಿದೆ. ಮತ್ತೆ ಹಾಳೆ, ಹೊಸ ಟೇಪು.

10 ಗಂಟೆ
ಮೇಸ್ತ್ರಿ ಅಂಗೈ ಒತ್ತಿ ನೋಡಿದರು. "ಒಣಗಿದೆ. ಅದೃಷ್ಟವಂತರು ನೀವು."

ಅಕ್ಟೋಬರ್ 16
ಅಮ್ಮ ಬಂದಳು. ಹೊಸ ನೆಲದ ಮೇಲೆ ಬರಿಗಾಲಲ್ಲಿ ಓಡಾಡಿದಳು. "ಬೆಚ್ಚಗಿದೆ ಕಣೇ." ಬಿಟ್ಟುಹೋಗಲು ಬಂದ ತಂಗಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ಅಳಲಿ. ಎರಡು ವರ್ಷ ನಾನು ಅತ್ತಿಲ್ಲವೇ?

ಡಿಸೆಂಬರ್ 2
ಇಷ್ಟು ದಿನ ಬರೆಯುವ ಮನಸ್ಸಾಗಲಿಲ್ಲ. ಮಂಚದ ಪಕ್ಕ ಪ್ಲೈವುಡ್ ಉಬ್ಬಿದೆ. ಬೂಷ್ಟಿನ ವಾಸನೆ. ಅಮ್ಮನ ಕೆಮ್ಮು ಅಡುಗೆಮನೆವರೆಗೂ ಕೇಳುತ್ತದೆ. ಡಾಕ್ಟರು ಕೇಳಿದರು, "ರೂಮಲ್ಲಿ ತೇವ ಏನಾದ್ರೂ ಇದೆಯಾ?" ಇಲ್ಲ ಅಂದೆ. ನಾಲಿಗೆ ತಡವರಿಸಲೂ ಇಲ್ಲ.

ಡಿಸೆಂಬರ್ 5, ಸಂಜೆ
ತಂಗಿಯ ಫೋನ್. ಅಮ್ಮ ಹೊದಿಕೆಯನ್ನು ಬಾಯಿಗೊತ್ತಿ ಕೆಮ್ಮು ನುಂಗಿಕೊಂಡಳು. "ದಮ್ಮಾ? ಅದರ ಸುದ್ದೀನೇ ಇಲ್ಲ. ನಿಮ್ಮಕ್ಕ ಚೆನ್ನಾಗಿ ನೋಡ್ಕೊಳ್ತಾಳೆ." ಫೋನಿಟ್ಟ ಮೇಲೆ ಐದು ನಿಮಿಷ ಉಸಿರೇ ಸಿಗಲಿಲ್ಲ.
"ಯಾಕಮ್ಮ ಹಾಗಂದೆ?"
"ಗೊತ್ತಾದ್ರೆ ಬಂದು ಕರ್ಕೊಂಡು ಹೋಗ್ತಾಳೆ. ನೀನು ಬೇಜಾರು ಮಾಡ್ಕೋತೀಯ."
ಮೊದಲು ಆದದ್ದು ಖುಷಿ. ಬರೆದೇಬಿಡುತ್ತೇನೆ, ಇಲ್ಲಿ ಯಾರು ನೋಡುತ್ತಾರೆ... ಅವಳಿಗೆ ಸುಳ್ಳು ಹೇಳಿದಳು, ನನಗೋಸ್ಕರ! ಆಮೇಲೆ ಬೆನ್ನು ನೀವಿದೆ. ಪಕ್ಕೆಲುಬು ಒಂದೊಂದೂ ಕೈಗೆ ಸಿಕ್ಕಿತು. ಎರಡು ತಿಂಗಳಲ್ಲಿ ಇಷ್ಟು ಇಳಿದುಹೋಗಿದ್ದಾಳೆ. ನಾನು ಮಾಡಿದ್ದು.

ಡಿಸೆಂಬರ್ 6, ಬೆಳಿಗ್ಗೆ
ಮೇಸ್ತ್ರಿಗೆ ನಿಜ ಹೇಳಿದೆ. ಎಲ್ಲ ಕಿತ್ತು ಮೊದಲಿಂದ ಮಾಡಬೇಕು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ತಂಗಿಗೂ ಹೇಳಿದೆ, ಹನಿ ಒರೆಸಿದ್ದೂ ಸೇರಿ. ಅವಳಂದದ್ದು ಇಷ್ಟೇ: "ಅಮ್ಮನ ಬಟ್ಟೆ ತುಂಬಿಸಿಡು. ಬರ್ತಿದೀನಿ."
ತುಂಬಿಸಿಟ್ಟಿದ್ದೇನೆ. ನೆಲ ಒಣಗಿದ ಮೇಲೆ ಅಮ್ಮನನ್ನು ವಾಪಸ್ಸು ಕಳಿಸುತ್ತೀಯಾ ಅಂತ ಕೇಳಬೇಕು. ಯಾವ ಮುಖ ಇಟ್ಟುಕೊಂಡು ಕೇಳಲಿ? ಅಮ್ಮ ಎದುರಿಗೇ ಕೂತಿದ್ದಾಳೆ. "ನಂಗೆ ಹೋಗೋಕೆ ಮನಸ್ಸೇ ಇಲ್ಲ" ಅಂತ ಆಗಲೇ ಮೂರು ಸಲ ಹೇಳಿಯಾಯಿತು.
ಹೊರಗೆ ಕಾರು ನಿಂತಿತು. ಅಮ್ಮನ ಮುಖ ಅರಳಿತು. ನಾನು ನೋಡಿದೆ ಅಂತ ಗೊತ್ತಾಗಿ, ತಕ್ಷಣ ಹೊದಿಕೆ ಬಾಯಿಗೊತ್ತಿ ನಗು ಮುಚ್ಚಿಕೊಂಡಳು.