ಗೈರಿಗೆ ಒಂದೇ ಕಾರಣ

ಶಾಲಾ ಕ್ರೀಡಾಕೂಟದ ಅಧಿಕಾರಿಗಳೇ,

ಸಣ್ಣ ಖಾಸಗಿ ಪ್ರೌಢಶಾಲೆಗಳ ಮಕ್ಕಳಲ್ಲಿ ಫುಟ್‌ಬಾಲ್ ಆಸಕ್ತಿ ಕುಸಿದಿದೆ ಎಂದು ತಾವು ಕಳೆದ ವಾರ ಪತ್ರಿಕೆಗಳಿಗೆ ಹೇಳಿಕೆ ಕೊಟ್ಟಿದ್ದೀರಿ. ಅದು ತಪ್ಪು. ಕುಸಿದಿರುವುದು ತಂಡಗಳ ಸಂಖ್ಯೆ. ಇವೆರಡರ ನಡುವಿನ ವ್ಯತ್ಯಾಸ ತಮ್ಮ ಕಚೇರಿಯಲ್ಲೇ ಎಲ್ಲೋ ಕಳೆದುಹೋಗಿದೆ. ಅಲ್ಲಿಗೇ ಬಂದು ಮೂರು ಸಲ ಹೇಳಿದೆ, ಕೇಳುವವರಿರಲಿಲ್ಲ. ಆದ್ದರಿಂದ ಈಗ ಎಲ್ಲರೆದುರು ಹೇಳುತ್ತಿದ್ದೇನೆ.

ನಾನು ಗಣಿತದ ಶಿಕ್ಷಕಿ. ದೈಹಿಕ ಶಿಕ್ಷಕರು ಕೆಲಸ ಬಿಟ್ಟ ಮೇಲೆ ಅವರ ಸೀಟಿ ನನ್ನ ಕೊರಳಿಗೆ ಬಿತ್ತು. ನಮ್ಮ ಪ್ರೌಢಶಾಲೆಯಲ್ಲಿ ಒಟ್ಟು ಇಪ್ಪತ್ತೇಳು ಹುಡುಗಿಯರಿದ್ದಾರೆ, ಫುಟ್‌ಬಾಲ್ ಆಡುವವರು ಒಂಬತ್ತು ಮಂದಿ. ಅಂದರೆ ಮೂವರಲ್ಲಿ ಒಬ್ಬಳು. ಸಾವಿರ ಮಕ್ಕಳಿರುವ ಯಾವ ದೊಡ್ಡ ಶಾಲೆ ಈ ಪ್ರಮಾಣ ತೋರಿಸಬಲ್ಲದು? ಆದರೆ ತಮ್ಮ ನಿಯಮ ಪ್ರಮಾಣ ಕೇಳುವುದಿಲ್ಲ, ತಲೆ ಎಣಿಸುತ್ತದೆ. ಹದಿನಾಲ್ಕು ಹೆಸರಿಲ್ಲದೆ ಟೂರ್ನಿಗೆ ಪ್ರವೇಶವಿಲ್ಲ. ಎರಡು ವರ್ಷ ನಮ್ಮ ಅರ್ಜಿ ಹೋದ ದಾರಿಯಲ್ಲೇ ವಾಪಸು ಬಂತು.

ನಮ್ಮ ಗೋಲ್‌ಕೀಪರಿಗೆ ಗೆಳತಿಯರು ಇಟ್ಟ ಹೆಸರು ‘ಗೋಡೆ’. ಅವಳೀಗ ಹತ್ತನೇ ತರಗತಿ.

"ಮಿಸ್, ನನ್ ರೆಕಾರ್ಡ್ ನೋಡಿ. ಎರಡು ವರ್ಷದಲ್ಲಿ ಟೂರ್ನಮೆಂಟಲ್ಲಿ ಒಂದು ಗೋಲೂ ಬಿಟ್ಟಿಲ್ಲ," ಎಂದಳು ಒಂದು ದಿನ.

"ಆಡಿದ್ರೆ ತಾನೆ ಕಣೇ ಬಿಡೋದು!" ಎಂದು ಹಿಂದಿನಿಂದ ಒಬ್ಬಳು ಕಾಲೆಳೆದಳು.

ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಬೂಟಿನ ದಾರ ಕಟ್ಟುತ್ತಾ, ತಲೆಯೆತ್ತದೆ ಕೇಳಿದಳು: "ಈ ಸಲನಾದ್ರೂ ನಮ್ಮನ್ನ ಒಳಗೆ ಬಿಡ್ತಾರಾ ಮಿಸ್?"

ನಮ್ಮ ಬೀದಿಯ ಕೊನೆಯಲ್ಲೇ ಇನ್ನೊಂದು ಸಣ್ಣ ಶಾಲೆಯಿದೆ. ಅಲ್ಲಿ ಆಡುವವರು ಎಂಟು ಜನ. ಒಂಬತ್ತೂ ಎಂಟೂ ಹದಿನೇಳು ಎನ್ನಲು ಗಣಿತದ ಶಿಕ್ಷಕಿ ಬೇಕಿಲ್ಲ. ಒಂದು ವರ್ಷದಿಂದ ಪ್ರತಿ ಶನಿವಾರ ಈ ಹುಡುಗಿಯರು ನಮ್ಮ ಮೈದಾನದಲ್ಲಿ ಒಟ್ಟಿಗೇ ಅಭ್ಯಾಸ ಮಾಡುತ್ತಿದ್ದಾರೆ. ಹಾಗಾಗಿ ಈ ವರ್ಷ ಇಬ್ಬರು ಮುಖ್ಯೋಪಾಧ್ಯಾಯರ ಸಹಿ, ಎರಡೂ ಶಾಲೆಗಳ ಮೊಹರು ಹಾಕಿಸಿ, ‘ಶಾಲೆಯ ಹೆಸರು’ ಎಂಬಲ್ಲಿ ಎರಡು ಹೆಸರು ಬರೆದು ತಮ್ಮ ಕಚೇರಿಗೆ ಒಯ್ದೆ. ನೋಂದಣಿ ಗುಮಾಸ್ತರು ಕನ್ನಡಕವನ್ನು ಹಣೆಗೇರಿಸಿದರು.

"ಮೇಡಂ, ಇರೋದು ಒಂದು ಗೆರೆ. ಎರಡು ಶಾಲೆ ಬರ್ದಿದೀರಲ್ಲ?"

"ಸಣ್ಣದಾಗಿ ಬರ್ದಿದೀನಿ ಸರ್, ಹಿಡಿಸಿದೆ."

"ಹಾಳೇಲಿ ಹಿಡಿಸುತ್ತೆ, ಕಂಪ್ಯೂಟರ್ ತಗೊಳಲ್ಲ. ಗೈರು ಅಂತ ಹಾಕ್ತೀನಿ."

"ಕಾರಣ ಏನಂತ ಹಾಕ್ತೀರಿ?"

ಅವರು ಒಳ್ಳೆಯ ಮನುಷ್ಯ, ಏನನ್ನೂ ಮುಚ್ಚಿಡಲಿಲ್ಲ. ಪರದೆಯನ್ನೇ ನನ್ನತ್ತ ತಿರುಗಿಸಿದರು. "ನೋಡಿ ಮೇಡಂ, ಇರೋದೇ ಒಂದು. ‘ಆಸಕ್ತಿ ಇಲ್ಲ.’ ಅದನ್ನ ಒತ್ತದಿದ್ರೆ ಮುಂದಿನ ಪುಟಕ್ಕೇ ಹೋಗಲ್ಲ."

ಮುಂದಿನ ಪುಟಕ್ಕೆ ಹೋಗಲೆಂದು ಒಬ್ಬರು ಒತ್ತಿದ್ದು ತಮ್ಮ ಮೇಜಿಗೆ ಬರುವಷ್ಟರಲ್ಲಿ ಅಂಕಿಅಂಶವಾಯಿತು, ಪತ್ರಿಕೆಗೆ ಹೋಗುವಷ್ಟರಲ್ಲಿ ಒಂದು ಪೀಳಿಗೆಯ ಸೋಮಾರಿತನವಾಯಿತು. ಆಸಕ್ತಿ ಕಳೆದುಕೊಂಡ ಶಾಲೆಗಳ ಪಟ್ಟಿಯನ್ನು ತಾವೇ ಪ್ರಕಟಿಸಿದ್ದೀರಿ, ನಮ್ಮದನ್ನು ಬಿಟ್ಟರೆ ಇಪ್ಪತ್ಮೂರು. ನಾಲ್ಕು ದಿನ ಕೂತು ಅಷ್ಟೂ ಶಾಲೆಗಳಿಗೆ ಫೋನು ಮಾಡಿದೆ. ಹತ್ತೊಂಬತ್ತು ಕಡೆ ಮಾತಿಗೆ ಸಿಕ್ಕರು. ಹದಿನಾಲ್ಕು ಶಾಲೆಗಳಲ್ಲಿ ಮಕ್ಕಳು ಇಂದಿಗೂ ಆಡುತ್ತಾರೆ, ಹೆಸರುಗಳಷ್ಟೇ ಸಾಲುವುದಿಲ್ಲ. ಮೂರಕ್ಕೆ ಮೈದಾನವಿಲ್ಲ. ಮಕ್ಕಳಿಗೆ ನಿಜಕ್ಕೂ ಮನಸ್ಸಿಲ್ಲ ಎಂದವರು ಎರಡೇ ಶಾಲೆಯವರು. ಫೋನೆತ್ತದ ನಾಲ್ಕರ ಬಗ್ಗೆ ನಾನೇನೂ ಹೇಳಲಾರೆ. ತಾವು ಮಾತ್ರ ಇಪ್ಪತ್ಮೂರರ ಬಗ್ಗೆಯೂ ಹೇಳಿಬಿಟ್ಟಿರಿ. ಒಂದಕ್ಕಾದರೂ ಫೋನು ಮಾಡಿದ್ದಿರಾ?

ಇದು ಬರೀ ಮಾತಿನ ಜಗಳವಾಗಿದ್ದರೆ ಸುಮ್ಮನಿರುತ್ತಿದ್ದೆ. ಸತತ ಮೂರು ವರ್ಷ ಗೈರಾದ ಶಾಲೆಯ ಹೆಸರು ಫುಟ್‌ಬಾಲ್ ಪಟ್ಟಿಯಿಂದ ಬಿದ್ದುಹೋಗುತ್ತದೆ ಎಂಬುದು ತಮ್ಮದೇ ನಿಯಮ. ನಮಗಿದು ಮೂರನೇ ವರ್ಷ. ನಮ್ಮ ಆಡಳಿತ ಮಂಡಳಿಯ ಕಾರ್ಯದರ್ಶಿಯವರು ಆಗಲೇ ಮೈದಾನವನ್ನು ಹೆಜ್ಜೆಯಲ್ಲಿ ಅಳೆದು ನೋಡಿದ್ದಾರೆ. "ಪಟ್ಟಿಯಿಂದ ಹೆಸರು ಹೋಯ್ತು ಅಂದ್ರೆ ಇಲ್ಲಿ ಆರು ಬಸ್ಸು ಆರಾಮಾಗಿ ನಿಲ್ತವೆ ಮೇಡಂ," ಎಂದರು. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯಿದೆ. ಕುಣಿಯಲು ಬಂದವರ ಕಾಲಡಿಯ ನೆಲವನ್ನೇ ಎಳೆದುಕೊಂಡು, ಇವರಿಗೆ ಕುಣಿತ ಇಷ್ಟವಿಲ್ಲ ಎನ್ನುವವರಿಗೆ ಯಾವ ಗಾದೆ ಹೇಳೋಣ?

ನೋಂದಣಿ ಮುಗಿಯಲು ಇನ್ನು ಎಂಟು ದಿನವಿದೆ. ಎರಡು ಸಣ್ಣ ಶಾಲೆಗಳು ಜಂಟಿ ತಂಡ ಕಟ್ಟಬಹುದು ಎಂಬ ಒಂದು ಸಾಲಿನ ಆದೇಶ ಈ ವರ್ಷಕ್ಕೇ ಬೇಕು. ಸಮಿತಿ ರಚನೆ, ಪರಿಶೀಲನೆ, ಮುಂದಿನ ವರ್ಷ ಎಂಬ ಉತ್ತರ ಬೇಡ. ಮುಂದಿನ ವರ್ಷ ನಮ್ಮ ‘ಗೋಡೆ’ ಶಾಲೆಯಲ್ಲಿರುವುದಿಲ್ಲ, ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಬಸ್ಸು ನಿಂತಿರುತ್ತದೆ. ನನ್ನ ಮಾತಿನ ಮೇಲೆ ನಂಬಿಕೆ ಬರದಿದ್ದರೆ ಈ ಶನಿವಾರ ಸಂಜೆ ನಾಲ್ಕಕ್ಕೆ ತಾವೇ ಬನ್ನಿ. ಬೂಟು ಹಾಕಿಕೊಂಡೇ ಬನ್ನಿ. ಹದಿನೇಳು ಬೆಸ ಸಂಖ್ಯೆ, ಎರಡು ಕಡೆ ಹಂಚಿದರೆ ಒಂದು ಕಡೆಗೆ ಒಬ್ಬರು ಯಾವಾಗಲೂ ಕಡಿಮೆ. ಇಲ್ಲಿಯವರೆಗೆ ಅಲ್ಲಿ ನಾನೇ ಓಡುತ್ತಿದ್ದೇನೆ. ಮಂಡಿ ಕೇಳುತ್ತಿಲ್ಲ.

ಇಂತಿ,
ಒಬ್ಬ ಗಣಿತ ಶಿಕ್ಷಕಿ,
ಬೇರೆ ಯಾರೂ ಸಿಗುವವರೆಗೆ ಎಡಬದಿಯ ಡಿಫೆಂಡರ್