ವಂಶಾವಳಿಯ ಒಂದು ಹಾಳೆ

ದೇಗು ನಗರ, ೧೯ ಡಿಸೆಂಬರ್ ೧೯೮೮

ಪೂಜ್ಯ ಅಪ್ಪನವರಿಗೆ,

ನಾನೂ ಇನ್‌ಹೊ ಅವರೂ ಪಾಕ್ ಎಂಬ ಒಂದೇ ಕುಲದವರೆಂದು ಏಳು ವರ್ಷ ನಮ್ಮ ಮದುವೆಯನ್ನು ನೋಂದಾಯಿಸದ ಸರ್ಕಾರ, ಈ ವರ್ಷ ಮಾತ್ರ ಒಪ್ಪುತ್ತಿದೆ. ಡಿಸೆಂಬರ್ ಮೂವತ್ತೊಂದು ಕೊನೆಯ ದಿನ.

ಕಚೇರಿಯ ಗುಮಾಸ್ತರು, "ಊರ ತುಂಬ ಗಂಡಸರಿದ್ರು, ನಿಮಗೆ ಇನ್ನೊಬ್ಬ ಪಾಕೇ ಬೇಕಿತ್ತೇನಮ್ಮ?" ಎಂದು ನಕ್ಕರು. ಆಮೇಲೆ, ನಾವು ಹತ್ತಿರದ ರಕ್ತಸಂಬಂಧಿಗಳಲ್ಲ ಎಂಬುದಕ್ಕೆ ಎರಡೂ ಮನೆಯ ವಂಶಾವಳಿ ಕೇಳಿದರು. ಇನ್‌ಹೊ ಅವರ ಮನೆಯದು ಸಿಕ್ಕಿದೆ. ನಮ್ಮದು ನಿಮ್ಮ ಪೆಟ್ಟಿಗೆಯಲ್ಲಿದೆ.

ಹೋದ ತಿಂಗಳು ನೀವು ಗೇಟಿನಲ್ಲೇ ನಿಲ್ಲಿಸಿ, "ಹಿರಿಯರಿಗೆ ಎಡೆ ಇಡೋ ಕೈಲಿ ನಿನಗೆ ಆ ಹಾಳೆ ಕೊಡ್ಲಾ?" ಎಂದಿರಿ. ಆದರೆ ಮಾರ್ಚಿನಲ್ಲಿ ನಮ್ಮ ಮಗಳು ಹ್ಯೆರಿಮ್ ಶಾಲೆಗೆ ಸೇರಬೇಕು. ದಾಖಲೆಯಲ್ಲಿ ಅವಳು ಮದುವೆಯಿಲ್ಲದೆ ಹುಟ್ಟಿದ ಮಗು.

ವಂಶಾವಳಿಯಲ್ಲಿ ಮಗಳ ಹೆಸರು ಬರೆಯುವುದಿಲ್ಲ, ಅಳಿಯನ ಹೆಸರು ಬರೆಯುತ್ತಾರೆ. ಆ ಜಾಗವನ್ನು ನೀವು ಖಾಲಿ ಬಿಟ್ಟಿದ್ದೀರೆಂದು ಅಮ್ಮ ಹೇಳಿದರು. ಖಾಲಿಯೇ ಇರಲಿ. ನಿಮ್ಮ ಹೆಸರಿದ್ದರೆ ಸಾಕು.

ಹಾಳೆಯ ಪ್ರತಿ ಮಾಡಿಸಿ ಅಂಚೆಗೆ ಹಾಕಿ. ಜೊತೆಗೆ ಪತ್ರ ಬೇಡ. ಇಪ್ಪತ್ತೆಂಟರೊಳಗೆ ಬರದಿದ್ದರೆ ಹ್ಯೆರಿಮ್‌ಳನ್ನು ಕರೆತಂದು ನಿಮ್ಮ ಗೇಟಿನ ಹೊರಗೆ ಕೂರುತ್ತೇನೆ. ಚಳಿಗೆ ಅವಳಿಗೆ ಕೆಮ್ಮು ಬರುತ್ತದೆ. ಆದರೂ ಕರೆತರುತ್ತೇನೆ.

ನಿಮ್ಮ ಎರಡನೆಯ ಮಗಳು,
ಯೊನ್‌ಸುಕ್